ಗೆರೆಯಣ್ಣನ ಪರದೇಶಿ

ಸುಕ್ಕು ಎಂಬುದು ಸೃಷ್ಟಿಯಲ್ಲೇ ನಡೆದುಹೋದ ಒಂದು ತಪ್ಪು, ಅದನ್ನು ತಿದ್ದಲೆಂದೇ ತನ್ನನ್ನು ಭೂಮಿಗೆ ಕಳಿಸಿದ್ದಾರೆ ಎಂದು ನಂಬಿದ್ದ ಮನುಷ್ಯ ಗೆರೆಯಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವನಿಗೇ ಸರಿಯಾಗಿ ನೆನಪಿರಲಿಲ್ಲ. ಮೂವತ್ತು ವರ್ಷ ಒಂದೇ ತಿರುವಿನಲ್ಲಿ, ಒಂದೇ ಮೇಜಿನ ಹಿಂದೆ ನಿಂತು ಬೀದಿಯವರ ಪ್ಯಾಂಟುಗಳಿಗೆಲ್ಲ ಇಸ್ತ್ರಿ ಹಾಕಿ ಗೆರೆ ಎಬ್ಬಿಸಿದ್ದಕ್ಕೆ ಸಿಕ್ಕ ಹೆಸರು ಅದು. ಅವನು ಎಬ್ಬಿಸಿದ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಜನ ಹೇಳುತ್ತಿದ್ದರು.

ಬಟ್ಟೆ ಮುಗಿದರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಕಿಟಕಿಯ ಪರದೆ, ಓದಿ ಮುಗಿಸಿದ ಪೇಪರು, ಮಗಳ ಮದುವೆಯ ಉಡುಗೊರೆಗಳಿಗೆ ಸುತ್ತಿದ್ದ ಬಣ್ಣದ ಕಾಗದ, ಎಲ್ಲದಕ್ಕೂ ಇಸ್ತ್ರಿ. ಒಮ್ಮೆ ಪ್ಲಾಸ್ಟಿಕ್ ಚೀಲಕ್ಕೂ ಹಾಕಲು ಹೋಗಿ, ಅದು ಕರಗಿ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡು, ಎರಡು ದಿನ ಇಡೀ ಬೀದಿ ಸುಕ್ಕು ಅಂಗಿಯಲ್ಲಿ ಕೆಲಸಕ್ಕೆ ಹೋಯಿತು. ಅದರಿಂದ ಅವನು ಪಾಠ ಕಲಿತನೇ ಎಂದು ಕೇಳಿದರೆ, ಪ್ಲಾಸ್ಟಿಕ್ಕಿನ ಮಟ್ಟಿಗೆ ಕಲಿತ.

ಇಂಥವನ ಮನೆಗೆ ಮೀನು ಬಂದದ್ದು ಮನೆ ಖಾಲಿ ಮಾಡುತ್ತಿದ್ದ ಹಲ್ಲಿನ ಡಾಕ್ಟರೊಬ್ಬರು ತಮ್ಮ ಗಾಜಿನ ತೊಟ್ಟಿಯನ್ನು ಇವನ ಮೇಜಿನ ಮೇಲೆ ಇಟ್ಟು ಹೋದದ್ದರಿಂದ. ಕರವಸ್ತ್ರ ಜೋಡಿಸಿಡಲು ಒಳ್ಳೆಯದಾಯಿತು ಎಂದು ಗೆರೆಯಣ್ಣ ಅಂದುಕೊಂಡ. ಹೆಂಡತಿ ಬಿಡಲಿಲ್ಲ.

"ಮಗಳು ಮದುವೆಯಾಗಿ ಹೋದ ಮೇಲೆ ಬೆಳಗಿಂದ ಸಂಜೆ ತನಕ ಈ ಮನೇಲಿ ಮಾತಾಡೋಕೆ ನನಗೆ ಇರೋದು ಆ ಫ್ಯಾನು ಒಂದೇ. ಅದು ಏನು ಹೇಳಿದ್ರೂ ಇಲ್ಲ ಇಲ್ಲ ಅಂತ ತಲೆ ಆಡಿಸುತ್ತೆ. ಒಂದು ಮೀನಾದ್ರೂ ತನ್ನಿ."

ಇಬ್ಬರೂ ಮೀನಿನ ಅಂಗಡಿಗೆ ಹೋದರು. ಬಣ್ಣಬಣ್ಣದ ಮೀನುಗಳು ಗುಂಪುಗುಂಪಾಗಿ ತಿರುಗುತ್ತಿದ್ದವು. ಹೆಂಡತಿಯ ಕಣ್ಣು ಮಾತ್ರ ಮೂಲೆಯ ಪುಟ್ಟ ತೊಟ್ಟಿಯ ಮೇಲೆ ಬಿತ್ತು. ಅಲ್ಲಿ ಬೆರಳುದ್ದದ ಬೂದು ಬಣ್ಣದ ಮೀನೊಂದು, ಬೆನ್ನ ಮೇಲೆ ಮೂರು ಮಸಿಚುಕ್ಕೆ ಹೊತ್ತು, ಗಾಜಿಗೆ ಮೂತಿ ಒತ್ತಿಕೊಂಡು ಒಂಟಿಯಾಗಿ ನಿಂತಿತ್ತು.

"ಅಯ್ಯೋ ಪಾಪ, ಹಿಂದಿಲ್ಲ ಮುಂದಿಲ್ಲ. ಪರದೇಶಿ!" ಎಂದಳು.

"ಅದು ಬೇಡಮ್ಮ," ಅಂದ ಅಂಗಡಿಯವನು. "ಅದು ಮಾರೋ ಮೀನಲ್ಲ. ಸೇತುವೆ ಕೆಳಗಿನ ಹಳ್ಳದಿಂದ ನೀರಿನ ಗಿಡ ತಂದಾಗ ಜೊತೆಗೆ ಬಂದ್ಬಿಟ್ಟಿದೆ."

ಬೇಡ ಎಂದರೆ ಅವಳಿಗೆ ಅದೇ ಬೇಕು. ಅಂಗಡಿಯವನು ಯಂತ್ರದಿಂದ ನುಣ್ಣಗಿನ ತೆಳು ಬಿಲ್ಲೊಂದನ್ನು ಹರಿದು ಕೊಟ್ಟ. "ಸೇತುವೆ ಹಳ್ಳದ ಮೀನು, ಒಂದು" ಎಂದು ಅದರಲ್ಲಿ ಬರೆದಿತ್ತು. ಹೆಂಡತಿ ಅದನ್ನು ಮುದುರಿ ಸೂಜಿಡಬ್ಬಿಗೆ ಹಾಕಿ ಮರೆತಳು. ಮೀನಿಗೆ ಆ ದಿನದಿಂದ ಪರದೇಶಿ ಎಂದೇ ಹೆಸರಾಯಿತು. "ಪರದೇಶಿ, ಎದ್ದೆಯಾ? ಪರದೇಶಿ, ಊಟ ಮಾಡು. ನೋಡೋ ಪರದೇಶಿ, ನಿಮ್ಮ ಯಜಮಾನರು ಬೆಡ್‌ಶೀಟಿಗೂ ನಾಲ್ಕು ಗೆರೆ ಹಾಕಿದ್ದಾರೆ." ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಹೂಂಗುಟ್ಟುವವರು ಸಿಕ್ಕ ಮೇಲೆ ಹೆಂಡತಿಯ ಸಿಟ್ಟು ಅರ್ಧ ಇಳಿಯಿತು. ಗೆರೆಯಣ್ಣನ ಬದುಕಿನಲ್ಲಿ ಅಷ್ಟು ನೆಮ್ಮದಿಯ ಎರಡು ವರ್ಷ ಹಿಂದೆ ಇರಲಿಲ್ಲ.

ಆಮೇಲೆ ಒಂದು ಭಾನುವಾರ ಬೀಗರು ಬಂದರು.

ಬೀಗರು ಎಂದರೆ ಮಗಳ ಮಾವ. ಟಪಾಲು ಕಚೇರಿಯಲ್ಲಿ ದೊಡ್ಡ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಮನೆಯ ಗೋಡೆಯ ಮೇಲೆ ಒಂದು ಫಾರಿನ್ ಗಡಿಯಾರವಿತ್ತು. ಅದು ಎಷ್ಟು ಗಂಟೆ ತೋರಿಸುತ್ತದೆ ಎಂದು ಅವರು ಹೇಳುತ್ತಿರಲಿಲ್ಲ, ಅದು ಎಲ್ಲಿಂದ ಬಂತು ಎಂದು ಹೇಳುತ್ತಿದ್ದರು. ಮದುವೆ ಮಾತುಕತೆಯ ದಿನದಿಂದ ಗೆರೆಯಣ್ಣ ಆ ಗಡಿಯಾರದ ಕಥೆಯನ್ನು ಕಡಿಮೆಯೆಂದರೂ ನಲವತ್ತು ಸಲ ಕೇಳಿದ್ದ. ನಲವತ್ತೊಂದನೆಯ ಸಲ ಶುರುವಾಗುವ ಹೊತ್ತಿಗೆ ಒಳಗಿನಿಂದ ಹೆಂಡತಿಯ ದನಿ ಬಂತು.

"ಪರದೇಶಿ, ಬೀಗರು ಬಂದಿದ್ದಾರೆ, ಮುಖ ತೋರಿಸು."

ಬೀಗರು ಅರ್ಧಕ್ಕೇ ನಿಂತರು. "ಏನಂದ್ರು? ಪರದೇಶಿನಾ? ಈ ಮೀನು ಪರದೇಶದ್ದಾ?"

ಆಗ ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೆರೆಯಣ್ಣ ಬಾಯಿ ತೆರೆದದ್ದೂ ಆ ಮಾತು ಹೇಳಲಿಕ್ಕೇ. ಆದರೆ ಬೀಗರ ಮುಖದಲ್ಲಿ ಅವನು ಎಂದೂ ಕಾಣದ ಒಂದು ಮರ್ಯಾದೆ ಮೂಡಿತ್ತು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

"ಹೂಂ... ದೂರದ್ದು ಬೀಗರೇ," ಅಂದ.

"ಎಷ್ಟು ದೂರ?"

"ಹಡಗಲ್ಲಿ ಬಂದದ್ದು."

"ಹಡಗು! ನೋಡಿದ್ರಾ, ನಮ್ಮ ಗಡಿಯಾರಾನೂ ಹಡಗಲ್ಲೇ ಬಂದದ್ದು. ಅದರ ದೇಶದಲ್ಲಿ ಇದಕ್ಕೆ ಏನಂತಾರೆ?"

"ಅಲ್ಲೂ ಪರದೇಶಿ ಅಂತಲೇ ಅಂತಾರೆ."

"ಅದರ ದೇಶದಲ್ಲೇ ಅದು ಹೆಂಗ್ರೀ ಪರದೇಶಿ ಆಗುತ್ತೆ?"

ಗೆರೆಯಣ್ಣ ಬೆವರಿದ. "ಅಲ್ಲಿನ ಹೆಸರು ನಮ್ಮ ನಾಲಿಗೆಗೆ ಹೊರಳಲ್ಲ ಬೀಗರೇ. ಹೇಳೋಕೆ ಹೋದ್ರೆ ಹಲ್ಲು ಸೆಟ್ ಬಿದ್ದುಹೋಗುತ್ತೆ."

ಬಾಗಿಲ ಹಿಂದಿನಿಂದ ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಒದ್ದೆ ಬಟ್ಟೆ ಒಣಗಬಹುದಾಗಿತ್ತು. ಬೀಗರು ಮಾತ್ರ ಹೊರಡುವಾಗ ಗೆರೆಯಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಮಗಳ ಮದುವೆಯ ದಿನವೂ ಒಂದೇ ಕೈ ಕೊಟ್ಟಿದ್ದವರು ಅವರು.

ಒಂದು ವಾರದಲ್ಲಿ ಸುದ್ದಿ ಬೀದಿಯೆಲ್ಲ ಹರಡಿತು. ಅಂಗಿ ಕೊಡಲು ಬಂದವರು "ಗೆರೆಯಣ್ಣ, ನಿನ್ನ ಫಾರಿನ್ ಮೀನು ಚೆನ್ನಾಗಿದೆಯಾ?" ಎಂದು ಕೇಳತೊಡಗಿದರು. ಮಹಡಿ ಮೇಲಿನ ಗಣಿತದ ಟೀಚರು ಬಂದು ನೋಡಿ, "ಥೇಟ್ ನಮ್ಮ ಹಳ್ಳದ ಮೀನಿನ ಹಾಗೇ ಇದೆಯಲ್ಲ?" ಅಂದರು. "ಹೊರಗಿನಿಂದ ಹಾಗೆ ಕಾಣುತ್ತೆ ಟೀಚರೇ, ಒಳಗೆ ಬೇರೆ," ಎಂದ ಗೆರೆಯಣ್ಣ. ಸುಳ್ಳಿಗೂ ಅವನು ಗೆರೆ ಎಬ್ಬಿಸಲು ಕಲಿತಿದ್ದ.

ಎರಡು ತಿಂಗಳು ಕಳೆದಿರಬೇಕು. ಬೀಗರು ಭಾನುವಾರವೂ ಅಲ್ಲದ ದಿನ, ಬಿಸಿಲಲ್ಲಿ, ಕೈಯಲ್ಲೊಂದು ಪೇಪರ್ ಚೂರು ಹಿಡಿದು ಓಡೋಡಿ ಇಸ್ತ್ರಿ ಮೇಜಿನ ಹತ್ತಿರ ಬಂದರು. ಸರಕಾರದ ಪ್ರಕಟಣೆಗಳನ್ನು ಕತ್ತರಿಸಿ ಫೈಲು ಮಾಡುವುದು ಅವರ ನಿವೃತ್ತಿಯ ಕಸುಬು.

"ಕೇಳಿ ಬೀಗರೇ. 'ಪರದೇಶಿ ಮೀನುಗಳನ್ನು ಮನೆಯ ಗಾಜಿನ ತೊಟ್ಟಿಗಳಲ್ಲಿ ಸಾಕಿಕೊಂಡಿರುವ ಸಮಸ್ತರ ಗಮನಕ್ಕೆ. ಮೂವತ್ತು ದಿನದೊಳಗೆ ಇಲಾಖೆಗೆ ತಿಳಿಸತಕ್ಕದ್ದು. ತಿಳಿಸದವರ ಮೀನನ್ನು ವಶಪಡಿಸಿಕೊಳ್ಳಲಾಗುವುದು. ಸದರಿ ಮೀನನ್ನು ಹಳ್ಳ, ಕೆರೆ, ಕಾಲುವೆಗೆ ಬಿಡಕೂಡದು, ಮಾರಕೂಡದು, ಯಾರಿಗೂ ಕೊಡಕೂಡದು.' ಗೊತ್ತಾಯ್ತಾ? ಹೊರಗಿನ ಮೀನು ನಮ್ಮ ನೀರಿಗೆ ಸೇರಿದ್ರೆ ನಮ್ಮ ಮೀನನ್ನೆಲ್ಲ ನುಂಗಿ ನೀರು ಕುಡಿಯುತ್ತಂತೆ."

ಗೆರೆಯಣ್ಣನ ಕೈಯಲ್ಲಿದ್ದ ಪೆಟ್ಟಿಗೆ ಯಾರದೋ ಕಾಲರಿನ ಮೇಲೆ ನಿಂತುಬಿಟ್ಟಿತು. "ಬೀಗರೇ, ಅದು... ನಮ್ಮ ಮೀನಿಗೆ ಇದು ಅನ್ವಯ ಆಗಲ್ಲ ಅನ್ಸುತ್ತೆ."

"ಹೆದರಬೇಡಿ! ನಾನಿರೋದು ಯಾತಕ್ಕೆ? ನಿಮ್ಮ ಪರವಾಗಿ ನಾನೇ ಅರ್ಜಿ ತುಂಬಿ ಕೊಟ್ಟು ಬಂದೆ. ಮೊದಲನೇ ಅರ್ಜಿ ನಮ್ಮದೇ! ಹಡಗಿನ ವಿಷಯಾನೂ ಬರೆದೆ, ಅಚ್ಚುಕಟ್ಟಾಗಿ."

"ಹಡಗಿನ ವಿಷಯಾನಾ?"

"ಮತ್ತೆ? ಸತ್ಯ ಮುಚ್ಚಿಡೋ ವಂಶ ನಮ್ಮದಲ್ಲ."

ಸುಟ್ಟ ವಾಸನೆ ಬಂತು. ಮೂವತ್ತು ವರ್ಷದಲ್ಲಿ ಗೆರೆಯಣ್ಣ ಸುಟ್ಟ ಮೊದಲನೇ ಕಾಲರು ಅದು.

ಮೂರನೇ ದಿನ ಮೀನಿನ ಇನ್ಸ್‌ಪೆಕ್ಟರು ಮನೆಗೆ ಬಂದರು. ಅವರು ಗೆರೆಯಣ್ಣನ ಹಳೆಯ ಗಿರಾಕಿ. ಅಂದು ತೊಟ್ಟಿದ್ದ ಪ್ಯಾಂಟಿನ ಗೆರೆಯೂ ಅವನದೇ. ಸಮವಸ್ತ್ರ, ಬಗಲಲ್ಲಿ ರಿಜಿಸ್ಟರು, ಮುಖದಲ್ಲಿ ಕಾನೂನು. ಸಹಾಯಕ್ಕೆಂದು ಬೀಗರು ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು.

"ಮೀನಿನ ಹೆಸರು?" ಇನ್ಸ್‌ಪೆಕ್ಟರು ಪೆನ್ನು ತೆಗೆದರು.

"ಪರದೇಶಿ," ಅಂದಳು ಹೆಂಡತಿ.

"ಅದು ಗೊತ್ತಮ್ಮ, ಅದಕ್ಕೇ ಬಂದಿರೋದು. ಹೆಸರು ಹೇಳಿ."

"ಅದೇ ಹೆಸರು."

"ಪರದೇಶಿ ಅನ್ನೋದು ವರ್ಗ. ನಾನು ಕೇಳಿದ್ದು ಹೆಸರು."

ಗೆರೆಯಣ್ಣ ನಡುವೆ ಬಂದ. "ಸಾರ್, ಅದರ ಹೆಸರು ಪರದೇಶಿ. ಆದ್ರೆ ಅದು ಪರದೇಶಿ ಅಲ್ಲ."

"ಪರದೇಶಿ ಅಲ್ಲದ್ದಕ್ಕೆ ಪರದೇಶಿ ಅಂತ ಯಾಕೆ ಕರೀತೀರಿ?"

"ಪರದೇಶಿ ಹಾಗಿತ್ತು, ಅದಕ್ಕೆ."

"ಅಂದ್ರೆ ಪರದೇಶಿ!"

"ಪರದೇಶಿ ಹಾಗಿತ್ತು, ಪರದೇಶಿ ಅಲ್ಲ ಸಾರ್!"

ಇನ್ಸ್‌ಪೆಕ್ಟರು ಬರೆದದ್ದನ್ನು ಹೊಡೆದುಹಾಕಿ, ಹೊಡೆದುಹಾಕಿದ್ದರ ಮೇಲೆ ಮತ್ತೆ ಬರೆದು, ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಗೆರೆಯಣ್ಣ, ಅರ್ಜಿಯಲ್ಲಿ 'ಹಡಗಿನ ಮೂಲಕ ಆಗಮಿಸಿದ್ದು' ಅಂತ ಇದೆ. ಹಡಗಿಂದ ಮೀನು ಇಳಿಸೋಕೆ ಪರವಾನಗಿ ಬೇಕು, ರೋಗ ಇಲ್ಲ ಅನ್ನೋ ಸರ್ಟಿಫಿಕೇಟು ಬೇಕು. ಎಲ್ಲಿ?"

"ಹಡಗೇ ಇಲ್ಲ ಸಾರ್."

"ಏನ್ ಬೀಗರೇ ಹೀಗಂತೀರಿ?" ಬೀಗರು ಕುರ್ಚಿಯಿಂದ ಎದ್ದುಬಿಟ್ಟರು. "ಸಾರ್, ನಮ್ಮ ಬೀಗರು ಸಂಕೋಚದ ಮನುಷ್ಯ. ತಮ್ಮ ದೊಡ್ಡಸ್ತಿಕೆ ತಾವೇ ಹೇಳ್ಕೊಳ್ಳೋರಲ್ಲ. ಹಡಗು ಇತ್ತು. ನಾನು ನಾಲ್ಕು ಜನರ ಮುಂದೆ ಹೇಳಿದ್ದೀನಿ. ನನ್ನ ಮಾತು ಸುಳ್ಳಾ?"

ಇಷ್ಟು ಹೊತ್ತಿಗೆ ಮೀನು ಗಾಜಿಗೆ ಮೂತಿ ಒತ್ತಿ, ತನಗೂ ಹಡಗಿಗೂ ಸಂಬಂಧವಿಲ್ಲ ಎಂಬಂತೆ ಬಾಯಿ ತೆರೆದು ಮುಚ್ಚುತ್ತಿತ್ತು. ಅದರ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ.

ಇನ್ಸ್‌ಪೆಕ್ಟರು ತೊಟ್ಟಿಯ ಮುಚ್ಚಳಕ್ಕೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ಮೊಹರು ಒತ್ತಿದರು.

"ಊಟ ಎಲ್ಲಿಂದ ಹಾಕ್ಲಿ?" ಹೆಂಡತಿಯ ದನಿ ಏರಿತು.

ಇನ್ಸ್‌ಪೆಕ್ಟರು ಮೊಹರು ಕಿತ್ತು, ಎರಡು ಬೆರಳು ಹಿಡಿಯುವಷ್ಟು ಸಂದು ಬಿಟ್ಟು, ಮತ್ತೆ ಅಂಟಿಸಿದರು. "ಏಳು ದಿನ ಟೈಮು. ಎಂಟನೇ ದಿನ ನಮ್ಮ ಮೀನಿನ ಮೇಡಂ ಜೊತೆ ಬರ್ತೀನಿ. ಕಾಗದ ಇದ್ರೆ ಮೀನು ನಿಮ್ದು. ಇಲ್ದಿದ್ರೆ ಇಲಾಖೆ ತೊಟ್ಟಿಗೆ. ಅಲ್ಲಿ ಇನ್ನೂರು ಮೀನಿದೆ, ಇದೂ ಒಂದಾಗುತ್ತೆ." ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದರು. "ಇನ್ನೊಂದು ವಿಷಯ. ವಿಚಾರಣೆ ನಡೀತಿರೋರ ಕೈಯಿಂದ ಸೇವೆ ತಗೊಳ್ಳೋ ಹಾಗಿಲ್ಲ. ನಾಳೆಯಿಂದ ನನ್ನ ಬಟ್ಟೆ ಬರಲ್ಲ."

ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ಗೆರೆಯಣ್ಣ ಆ ಮಾತಿಗೆ ಕುಸಿದು ಕೂತ.

ಬೀಗರೂ ಹೋದ ಮೇಲೆ ಹೆಂಡತಿ ಹತ್ತಿರ ಬಂದಳು. ಅವಳು ಕೂಗಾಡಿದ್ದರೆ ಅವನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮೆಲ್ಲಗೆ ಮಾತಾಡಿದಳು.

"ಇನ್ನೂರರಲ್ಲಿ ಇದೂ ಒಂದಂತೆ. ಅಲ್ಲಿ ಇದನ್ನ ಹೆಸರು ಹಿಡಿದು ಕರೆಯೋರು ಯಾರಿದ್ದಾರೆ? ನಿಮ್ಮ ಹಡಗು ನಿಮ್ಮ ಹತ್ರಾನೇ ಇರಲಿ. ಈ ಮೀನು ಹೊಸಿಲು ದಾಟಿದ ದಿನ ನಾನೂ ದಾಟ್ತೀನಿ. ಮಗಳ ಮನೇಲಿ ಆ ದರಿದ್ರ ಗಡಿಯಾರ ನೋಡ್ಕೊಂಡು ಕೂತಿರ್ತೀನಿ. ಆಮೇಲೆ ನೀವು ನಿಮ್ಮ ಅನ್ನಕ್ಕೂ ಇಸ್ತ್ರಿ ಹಾಕ್ಕೊಂಡು ತಿನ್ನಿ."

ನಾಲ್ಕು ದಿನ ಮನೆಯನ್ನೆಲ್ಲ ತಲೆಕೆಳಗು ಮಾಡಿ ಹುಡುಕಿದ್ದಾಯಿತು. ಐದನೇ ದಿನ ಗುಂಡಿ ಹೊಲಿಯಲು ಸೂಜಿಡಬ್ಬಿ ತೆಗೆದ ಹೆಂಡತಿ, "ಸಿಕ್ತು! ಬಿಲ್ಲು ಸಿಕ್ತು!" ಎಂದು ಕೂಗಿದಳು. ಮುದುರಿ ಕಡಲೆಕಾಳಿನಷ್ಟಾಗಿದ್ದರೂ ಬಿಡಿಸಿದರೆ ಅಕ್ಷರ ಸ್ಪಷ್ಟವಾಗಿತ್ತು. ಸೇತುವೆ ಹಳ್ಳದ ಮೀನು, ಒಂದು.

ಇಬ್ಬರೂ ಅದನ್ನು ಮೂರು ಸಲ ಓದಿದರು. ಹೆಂಡತಿ ಐದು ದಿನದ ಮೇಲೆ ಮೊದಲ ಸಲ ನಕ್ಕು, ಮೀನಿಗೆ ಸುದ್ದಿ ಮುಟ್ಟಿಸಲು ಒಳಗೆ ಹೋದಳು. ಗೆರೆಯಣ್ಣ ಒಬ್ಬನೇ ಬಿಲ್ಲು ಹಿಡಿದು ನಿಂತ.

ಬಿಲ್ಲಿನ ಮೈತುಂಬ ಸುಕ್ಕು.

ಇಂಥ ಸುಕ್ಕು ಕಾಗದವನ್ನು ಒಬ್ಬ ಅಧಿಕಾರಿಯ ಕೈಗೆ ಕೊಡುವುದು ಹೇಗೆ? ನಾಳೆ ಆ ಮೇಡಂ, "ಇಸ್ತ್ರಿಯವನ ಮನೆ ಕಾಗದ ನೋಡಿ ಹೇಗಿದೆ" ಅಂದುಬಿಟ್ಟರೆ? ಅವನು ಮೇಜಿನ ಮೇಲೆ ಕಂಬಳಿ ಹಾಸಿದ. ಕಂಬಳಿಯ ಮೇಲೆ ಬಿಳಿ ಬಟ್ಟೆ. ಅದರ ಮೇಲೆ ಬಿಲ್ಲು. ಬಿಲ್ಲಿನ ಮೇಲೆ ತೆಳು ಮಲ್ಲುಬಟ್ಟೆ. ಹತ್ತಿಬಟ್ಟೆಯ ಶಾಖವಲ್ಲ, ರೇಷ್ಮೆಗೆ ಹಾಕುವ ಹದ. ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಬಳಸಿ, ಉಸಿರು ಬಿಗಿಹಿಡಿದು, ಎಡದಿಂದ ಬಲಕ್ಕೆ ಒಂದೇ ಒಂದು ಸಲ ಪೆಟ್ಟಿಗೆ ಎಳೆದ.

ಮಲ್ಲು ಎತ್ತಿ ನೋಡಿದರೆ ಬಿಲ್ಲಿನಲ್ಲಿ ಒಂದು ಸುಕ್ಕೂ ಇರಲಿಲ್ಲ. ಒಂದು ಅಕ್ಷರವೂ ಇರಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಅಮಾವಾಸ್ಯೆ ಹರಡಿತ್ತು.

ಸುಟ್ಟಿತೆನ್ನಲು ಹೊಗೆ ಇಲ್ಲ, ವಾಸನೆ ಇಲ್ಲ. ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ, ಊದಿ ನೋಡಿದ. ಯಂತ್ರದಿಂದ ಬರುವ ಬಿಲ್ಲಿನ ಕಾಗದ ಶಾಖ ತಗುಲಿದರೆ ಕಪ್ಪಾಗುತ್ತದೆ, ಅದರ ಅಕ್ಷರ ಮೂಡುವುದೇ ಶಾಖದಿಂದ ಎಂದು ಟೀಚರು ಆಮೇಲೆ ವಿವರಿಸಿದರು. ವಿವರಣೆ ಚೆನ್ನಾಗಿತ್ತು. ಬಂದದ್ದು ಅರ್ಧ ಗಂಟೆ ತಡವಾಗಿ.

ಹೆಂಡತಿ ಬಂದು ನೋಡಿದಳು. ಅಟ್ಟದಿಂದ ಸೂಟ್‌ಕೇಸು ಇಳಿಸಿ ಧೂಳು ಒರೆಸತೊಡಗಿದಳು.

ಗೆರೆಯಣ್ಣ ಚಪ್ಪಲಿಯನ್ನೂ ಹಾಕದೆ ಮೀನಿನ ಅಂಗಡಿಗೆ ಓಡಿದ. ಅಲ್ಲಿ ಮೀನೂ ಇರಲಿಲ್ಲ, ತೊಟ್ಟಿಯೂ ಇರಲಿಲ್ಲ. ಗೋಡೆಯ ತುಂಬ ಛತ್ರಿ ನೇತಾಡುತ್ತಿದ್ದವು. ಹೊಸ ನಿಯಮದ ಪ್ರಕಟಣೆ ಬಂದ ಸಂಜೆಯೇ ಅಂಗಡಿಯವನು ಕಸುಬು ಬದಲಿಸಿದ್ದ.

"ಎರಡು ವರ್ಷದ ಕೆಳಗೆ ನಿಮ್ಮ ಹತ್ರ ಒಂದು ಮೀನು ತಗೊಂಡಿದ್ದೆ..."

"ಮೀನಾ?" ಅಂಗಡಿಯವನು ಆ ಪದವನ್ನು ಅಂದೇ ಕೇಳಿದವನಂತೆ ಹುಬ್ಬೇರಿಸಿದ. "ಇದು ಛತ್ರಿ ಅಂಗಡಿ ಸ್ವಾಮಿ."

"ನಿಮ್ಮ ತಲೆ ಮೇಲೆ ಇನ್ನೂ ಬೋರ್ಡಲ್ಲಿ ಮೀನಿನ ಚಿತ್ರ ಇದೆಯಲ್ರೀ!"

ಅಂಗಡಿಯವನು ಹೊರಬಂದು ಕತ್ತೆತ್ತಿ ನೋಡಿದ. "ಅದು ಮಡಚಿಟ್ಟ ಛತ್ರಿ," ಅಂದ.

ಎಂಟನೇ ದಿನ ಹತ್ತು ಗಂಟೆಗೆ ಇನ್ಸ್‌ಪೆಕ್ಟರು ಬಂದರು. ಹಿಂದೆ ಮೀನಿನ ಮೇಡಂ, ಕೈಯಲ್ಲೊಂದು ಭೂತಗನ್ನಡಿ, ಇನ್ನೊಂದರಲ್ಲಿ ನಿಯಮದ ಪುಸ್ತಕ. ಇನ್ಸ್‌ಪೆಕ್ಟರ ಪ್ಯಾಂಟು ಏಳು ದಿನದಿಂದ ಪೆಟ್ಟಿಗೆ ಕಂಡಿರಲಿಲ್ಲ. ಮಂಡಿಯ ಹತ್ತಿರ ಮುದುರಿ, ಕೆಳಗೆ ಉಬ್ಬಿ, ಎರಡು ಕಾಲಿಗೂ ಒಂದೊಂದು ದಿಂಬಿನ ಚೀಲ ಹಾಕಿದಂತಿತ್ತು. ಗೆರೆಯಣ್ಣ ಮುಖ ತಿರುಗಿಸಿಕೊಂಡ. ಒಳಕೋಣೆಯ ಬಾಗಿಲಲ್ಲಿ ಸೂಟ್‌ಕೇಸು ನಿಂತಿತ್ತು. ಬೀಗರು ಕುರ್ಚಿಯಲ್ಲಿದ್ದರು. ಅವರಿಲ್ಲದೆ ಯಾವುದೂ ಕೆಡುತ್ತಿರಲಿಲ್ಲ.

"ಕಾಗದ ಎಲ್ಲಿ?"

ಗೆರೆಯಣ್ಣ ಕಪ್ಪು ಬಿಲ್ಲನ್ನು ಎರಡೂ ಕೈಯಲ್ಲಿ ಕೊಟ್ಟ.

"ಇದೇನು?"

"ಬಿಲ್ಲು ಸಾರ್. ನಮ್ಮ ಮೀನು ಇಲ್ಲಿಯದೇ ಅನ್ನೋದಕ್ಕೆ ಸಾಕ್ಷಿ."

"ಅಕ್ಷರ ಎಲ್ಲಿ?"

"ಒಳಗಿದೆ ಸಾರ್. ಇಸ್ತ್ರಿ ಹಾಕಿದ್ದೆ."

ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ ಐದರವರೆಗೆ ಎಣಿಸಿದಂತೆ ಕಂಡಿತು. ಅಷ್ಟರಲ್ಲಿ ಮೇಡಂ ತೊಟ್ಟಿಯ ಮುಂದೆ ಮಂಡಿಯೂರಿ ಭೂತಗನ್ನಡಿ ಹಿಡಿದಿದ್ದರು. ಮೀನೂ ಆ ಕಡೆಯಿಂದ ಮೂತಿ ಒತ್ತಿತು. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಹೊತ್ತು ಪರೀಕ್ಷಿಸಿದರು.

"ಪರದೇಶದ್ದಲ್ಲ," ಅಂದರು ಮೇಡಂ. "ಮೂರು ಚುಕ್ಕೆ, ಮೀಸೆ ಇಲ್ಲ. ನಮ್ಮ ಹಳ್ಳಗಳಲ್ಲಿ ಇರೋ ಸಾದಾ ಮೀನು."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆರೆಯಣ್ಣ ಉಸಿರು ಬಿಟ್ಟ. ಉಸಿರು ಪೂರ್ತಿ ಹೊರಬರುವ ಮೊದಲೇ ಬೀಗರ ದನಿ ಎರಗಿತು.

"ಹಾಗಾದ್ರೆ ಹಡಗು?"

"ಗಿಡದ ಜೊತೆ ಬಂತು ಬೀಗರೇ," ಅಂದ ಗೆರೆಯಣ್ಣ ನೆಲ ನೋಡುತ್ತ. "ಸುಳ್ಳು ಹೇಳಿದೆ. ಎಲ್ಲ ಆ ಗಡಿಯಾರದಿಂದ ಆದದ್ದು."

"ನನ್ನ ಮಾನ ಏನಾಗ್ಬೇಕು? ಊರೆಲ್ಲ ಹೇಳಿದ್ದೀನಿ! ನಮ್ಮ ಮನೆ ಗಡಿಯಾರದ ವಿಷಯದಲ್ಲಿ ನಾನು ಒಂದು ಸುಳ್ಳು..."

"ಬೀಗರೇ," ಹೆಂಡತಿ ಮೆಲ್ಲಗೆ ಅಂದಳು, "ಹೋದ ತಿಂಗಳು ಧೂಳು ಹೊಡೆಯೋಕೆ ನನ್ನ ಮಗಳು ಆ ಗಡಿಯಾರ ಇಳಿಸಿದ್ಲು. ಹಿಂದುಗಡೆ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿ ಚೀಟಿ ಅಂಟಿಸಿದೆಯಂತಲ್ಲ?"

ಬೀಗರು ಕೂತರು. ಆ ಕುರ್ಚಿ ಅಷ್ಟು ಮೆತ್ತಗೆ ಎಂದೂ ಕಿರುಗುಟ್ಟಿರಲಿಲ್ಲ.

"ಹಾಗಾದ್ರೆ ಮುಗೀತಲ್ಲ ಸಾರ್?" ಅಂದ ಗೆರೆಯಣ್ಣ. "ಮೊಹರು ಕೀಳಲಾ?"

"ತಡೀರಿ." ಇನ್ಸ್‌ಪೆಕ್ಟರು ಮೇಡಂ ತಂದಿದ್ದ ಪುಸ್ತಕದ ಹಾಳೆ ತಿರುಗಿಸುತ್ತಿದ್ದರು. ಮುಖ ಸಪ್ಪಗಾಗುತ್ತ ಹೋಯಿತು. "ಪರದೇಶಿ ಆಗಿದ್ರೆ ನೋಂದಣಿ ಮಾಡ್ಕೊಂಡು ಇಟ್ಕೋಬಹುದಿತ್ತು. ಹಳ್ಳದ್ದಾದ್ರೆ ಕಷ್ಟ. ನಿಯಮ ಒಂಬತ್ತು. 'ಸ್ಥಳೀಯ ಹಳ್ಳಕೊಳ್ಳಗಳ ಮೀನನ್ನು ಅನುಮತಿ ಇಲ್ಲದೆ ಮನೆಯಲ್ಲಿ ಸಾಕುವಂತಿಲ್ಲ.' ಮೀನು ಹೋಗಲೇಬೇಕು."

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಅದು ಫಾರಿನ್ನೇ ಸಾರ್!" ಹೆಂಡತಿ ಕೂಗಿದಳು. "ಹಡಗಲ್ಲಿ ಬಂದದ್ದು!"

"ನಾನು ಮೊದಲೇ ಹೇಳಲಿಲ್ವಾ?" ಬೀಗರು ಮತ್ತೆ ಎದ್ದರು. "ಅರ್ಜಿ ನೋಡಿ, ಅರ್ಜಿ!"

"ದೊಡ್ಡ ಹಡಗು ಸಾರ್," ಗೆರೆಯಣ್ಣ ಎರಡೂ ಕೈ ಚಾಚಿದ. "ಅಷ್ಟು ದೊಡ್ಡ ಹಡಗನ್ನ ನಾನು ಜನ್ಮದಲ್ಲಿ ನೋಡಿರಲಿಲ್ಲ."

"ಸಾಕು!" ಇನ್ಸ್‌ಪೆಕ್ಟರು ಗೋಡೆಗೆ ಒರಗಿದರು. "ಮೇಡಂ, ಇದನ್ನ ಹಳ್ಳಕ್ಕೆ ಬಿಟ್ಟು ಬಂದುಬಿಡೋಣ. ನನಗೂ ಮನೆ ಇದೆ."

"ಬಿಡೋ ಹಾಗಿಲ್ಲ," ಅಂದರು ಮೇಡಂ. "ನಿಯಮ ಹನ್ನೊಂದು. ಗಾಜಿನ ತೊಟ್ಟಿಯಲ್ಲಿ ಬೆಳೆದ ಮೀನನ್ನ ಮತ್ತೆ ಹಳ್ಳಕ್ಕೆ ಬಿಟ್ರೆ ತೊಟ್ಟಿ ರೋಗ ಹಳ್ಳಕ್ಕೆ ಹರಡುತ್ತೆ."

"ಇಟ್ಕೊಳ್ಳೋ ಹಾಗಿಲ್ಲ, ಬಿಡೋ ಹಾಗಿಲ್ಲ, ಯಾವ ಹಳ್ಳದ್ದು ಅನ್ನೋ ಕಾಗದ ಇಲ್ಲದೆ ಇಲಾಖೆ ತೊಟ್ಟಿಗೂ ಹಾಕೋ ಹಾಗಿಲ್ಲ. ಏನ್ ಮಾಡ್ಲಿ ನಾನು? ಜೇಬಲ್ಲಿ ಇಟ್ಕೊಂಡು ಓಡಾಡ್ಲಾ?" ಇನ್ಸ್‌ಪೆಕ್ಟರು ಸುಕ್ಕುಗಟ್ಟಿದ ಜೇಬನ್ನು ಜಗ್ಗಿ ತೋರಿಸಿದರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಒಂದು ಬೆರಳುದ್ದದ ಪ್ರಾಣಿ ಅವರನ್ನು ಹೀಗೆ ಅಟ್ಟಾಡಿಸಿರಲಿಲ್ಲ.

ಹೆಂಡತಿ ಅವರಿಗೆ ಒಂದು ಲೋಟ ನೀರು ತಂದುಕೊಟ್ಟಳು. "ಸಾರ್, ಮೊದಲನೇ ದಿನದಿಂದ ನಾನು ಹೇಳ್ತಾನೇ ಇದ್ದೀನಿ, ನೀವು ಯಾರೂ ಕೇಳಿಸ್ಕೊಳ್ಳಲಿಲ್ಲ. ಅದು ಪರದೇಶಿ. ಬೇರೆ ದೇಶದ್ದು ಅಂತಲ್ಲ. ದಿಕ್ಕಿಲ್ಲದ್ದು ಅಂತ. ಅಂಗಡೀಲಿ ಒಂಟಿಯಾಗಿ ನಿಂತಿತ್ತು. ಯಾರಿಗೂ ಬೇಡವಾಗಿತ್ತು. ನಾನು ತಂದೆ."

ಮೇಡಂ ತಲೆ ಎತ್ತಿದರು. "ಏನಂದ್ರಿ? ದಿಕ್ಕಿಲ್ಲದ್ದು?" ಪುಸ್ತಕವನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಹಿಂದಿನಿಂದ ಬಿಡಿಸಿದರು. ಕೊನೆಯ ಹಾಳೆಯ ಕೊನೆಯ ಸಾಲು. ಅಚ್ಚು ಹಾಕುವವರು ಜಾಗ ಉಳಿಯಿತೆಂದು ಸೇರಿಸಿದ್ದಾರೇನೋ ಎನ್ನುವಷ್ಟು ಸಣ್ಣ ಅಕ್ಷರ. "ನಿಯಮ ಇಪ್ಪತ್ತಾರು. 'ಯಾವ ಹಳ್ಳದ್ದೆಂದು ತೋರಿಸುವ ಯಾವುದೇ ಕಾಗದವಿಲ್ಲದ, ನೀರಿಗೆ ಮರಳಿಸಲಾಗದ, ದಿಕ್ಕಿಲ್ಲದ ಜಲಚರವನ್ನು ಅದರ ಆಯುಸ್ಸು ಮುಗಿಯುವವರೆಗೆ ಆಶ್ರಯ ಕೊಟ್ಟವರ ಬಳಿಯೇ ಬಿಡಬಹುದು.'"

"ಕಾಗದ ಇದ್ರೆ?" ಕೇಳಿದರು ಇನ್ಸ್‌ಪೆಕ್ಟರು.

"ಇದ್ರೆ ಇಲಾಖೆ ತೊಟ್ಟಿಗೆ. ಇರಕೂಡದು."

ಎಲ್ಲರ ಕಣ್ಣೂ ಇನ್ಸ್‌ಪೆಕ್ಟರ ಕೈಯಲ್ಲಿದ್ದ ಕಪ್ಪು ಚೂರಿನ ಮೇಲೆ ಬಿತ್ತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು.

"ಗೆರೆಯಣ್ಣ, ಇದರಲ್ಲಿ ಏನಂತ ಬರೆದಿತ್ತು?"

ಎಂಟು ದಿನದಿಂದ ಈ ಒಂದು ಪ್ರಶ್ನೆಗಾಗಿ ಕಾದಿದ್ದ ಗೆರೆಯಣ್ಣ ಎದೆಯುಬ್ಬಿಸಿ, "ಸೇತು..." ಎಂದ.

ಹೆಂಡತಿಯ ಹಿಮ್ಮಡಿ ಅವನ ಕಾಲಿನ ಹೆಬ್ಬೆರಳ ಮೇಲೆ ಇಳಿಯಿತು.

"ಸೇ... ಸೇರಿಕೊಂಡುಬಿಟ್ಟಿದೆ ಸಾರ್," ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ, "ಅಕ್ಷರ ಎಲ್ಲ ಒಂದಕ್ಕೊಂದು. ನೆನಪಿಲ್ಲ. ಇಸ್ತ್ರಿ ಶಾಖಕ್ಕೆ ನೆನಪೂ ಹೋಯ್ತು."

ಇನ್ಸ್‌ಪೆಕ್ಟರು ಅವನನ್ನು ನೋಡಿದರು. ಅವನ ಹೆಬ್ಬೆರಳನ್ನು ನೋಡಿದರು. ಬಾಗಿಲಲ್ಲಿದ್ದ ಸೂಟ್‌ಕೇಸು ನೋಡಿದರು. ಆಮೇಲೆ ರಿಜಿಸ್ಟರು ಬಿಡಿಸಿ, ಹೊಡೆದುಹಾಕಿದ್ದರ ಮೇಲೆ ಮತ್ತೆ ಹೊಡೆದುಹಾಕಿ, ಹೊಸ ಸಾಲಿನಲ್ಲಿ ದೊಡ್ಡದಾಗಿ ಬರೆದರು. ಮೀನಿನ ಹೆಸರು, ಪರದೇಶಿ. ವರ್ಗ, ಪರದೇಶಿ ಅಲ್ಲ. ಸ್ಥಿತಿ, ಪರದೇಶಿ. "ಈಗ ಮೂರೂ ಸರಿಯಾಗಿದೆ," ಎಂದು ಪೆನ್ನು ಮುಚ್ಚಿದರು.

ಮೊಹರು ಕೀಳುವ ಕೆಲಸ ಹೆಂಡತಿಯೇ ಮಾಡಿದಳು. ಆಮೇಲೆ ಸೂಟ್‌ಕೇಸು ಅಟ್ಟಕ್ಕೆ ಹೋಯಿತು. ಬೀಗರು ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಅವರ ಮನೆಯಲ್ಲಿ ಆ ಗಡಿಯಾರ ನಡುಮನೆಯಿಂದ ಸಾಮಾನಿನ ಕೋಣೆಗೆ ಹೋಯಿತೆಂದೂ, ಅಲ್ಲಿ ಮೊದಲಿಗಿಂತ ಸರಿಯಾಗಿ ಹೊತ್ತು ತೋರಿಸುತ್ತಿದೆಯೆಂದೂ ಮಗಳು ಹೇಳಿದಳು.

ಹದಿನೈದು ದಿನಕ್ಕೆ ಇನ್ಸ್‌ಪೆಕ್ಟರು ತಾವೇ ಬಂದರು. ಒಂದು ಕೈಯಲ್ಲಿ ಸುಕ್ಕು ಪ್ಯಾಂಟುಗಳ ದೊಡ್ಡ ಗಂಟು, ಇನ್ನೊಂದರಲ್ಲಿ ಮೀನಿನ ಆಶ್ರಯ ಪತ್ರ. ಪತ್ರದಲ್ಲಿ ಆಶ್ರಯದಾತರು ಎಂಬಲ್ಲಿ ಹೆಂಡತಿಯ ಹೆಸರಿತ್ತು. ಗೆರೆಯಣ್ಣನ ಹೆಸರು ಎಲ್ಲಾದರೂ ಇರಲಿ ಎಂದು ಯಾರಿಗೂ ಅನಿಸಿದಂತೆ ಕಾಣಲಿಲ್ಲ. ಅವನಿಗೆ ಅದರ ಚಿಂತೆಯೂ ಇರಲಿಲ್ಲ. ಅವನ ಕಣ್ಣು ನೆಟ್ಟಿದ್ದು ಪತ್ರದ ಬಲಗಡೆಯ ಮೂಲೆಯ ಮೇಲೆ. ಕೈಯಲ್ಲಿ ಹಿಡಿದು ತರುವಾಗ ಅಲ್ಲಿ ಒಂದು ಸುಕ್ಕು ಬಿದ್ದಿತ್ತು. ಸಣ್ಣದೇ, ಒಂದು ಇರುವೆ ಮಲಗುವಷ್ಟು. ಅವನ ಬಲಗೈ ತನ್ನಷ್ಟಕ್ಕೆ ತಾನೇ ಪೆಟ್ಟಿಗೆಯ ಹಿಡಿಯ ಕಡೆಗೆ ಹೋಯಿತು.

"ಕೆಳಗೆ ಓದಿ," ಅಂದರು ಇನ್ಸ್‌ಪೆಕ್ಟರು.

ಮೊಹರಿನ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ, ಇಲಾಖೆಯ ಗಂಭೀರ ಭಾಷೆಯಲ್ಲಿ ಒಂದು ಸಾಲು ಬರೆದಿತ್ತು.

"ಸದರಿ ಪತ್ರಕ್ಕೆ ಯಾವುದೇ ಕಾರಣದಿಂದ ಇಸ್ತ್ರಿ ಹಾಕತಕ್ಕದ್ದಲ್ಲ."